ಹಿಂದಿನ ಸೈಕಲ್

ರೈಲು ನಿಂತುಹೋಗಿ ವರ್ಷಗಳಾದ ಮೇಲೆ ನಗರಸಭೆಯವರು ಹಳಿ ಕಿತ್ತು, ಆ ಏರಿಯ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಸೇರಿ ಒಂದೇ ದಾರಿ ಮಾಡಿದ್ದರು. ನಡುವೆ ಒಂದು ಬಿಳಿ ಗೆರೆ. ಗೆರೆಯ ಈಚೆ ಕಾಲು, ಆಚೆ ಚಕ್ರ ಎಂದು ಕಂಬದ ಮೇಲೆ ಚಿತ್ರ ಸಮೇತ ಬರೆದಿತ್ತು. ಆ ಚಿತ್ರವನ್ನು ಯಾರಾದರೂ ನೋಡಿದ್ದರೆಂಬುದಕ್ಕೆ ಸಾಕ್ಷಿ ಇರಲಿಲ್ಲ. ವಯಸ್ಸಾದ ಗೆಳತಿಯರ ಗುಂಪೊಂದು ದಾರಿಯ ಅಗಲವನ್ನೆಲ್ಲ ತುಂಬಿಕೊಂಡು ಸೊಸೆಯಂದಿರ ಸುದ್ದಿ ಆಡುತ್ತ ನಡೆಯುತ್ತಿತ್ತು. ನಾಯಿ ಗೆರೆಯ ಒಂದು ಕಡೆ, ನಾಯಿಯ ಯಜಮಾನ ಇನ್ನೊಂದು ಕಡೆ, ನಡುವೆ ಉದ್ದದ ಹಗ್ಗ. ಮೈಗಂಟಿದ ಬಟ್ಟೆ ತೊಟ್ಟವರು ಬೆಲ್ ಒತ್ತದೆ ಕಿವಿಯ ಪಕ್ಕದಲ್ಲೇ ಸುಂಯ್ಯೆಂದು ಹಾರಿಹೋಗುತ್ತಿದ್ದರು. ಯಾರಿಂದಲೂ ಬೈಸಿಕೊಳ್ಳದೆ ಆ ದಾರಿಯನ್ನು ಮುಗಿಸಿದವರು ಕಡಿಮೆ.

ಪರದೆ ಹೊಲಿಯುವ ಹೆಂಗಸು ಅಲ್ಲಿಗೆ ಬರತೊಡಗಿದ್ದು ಸೊಂಟದ ದೆಸೆಯಿಂದ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಬಗ್ಗಿ ಕೂತು, ನೆರಿಗೆ ಹಿಡಿದು, ಅಂಚು ಮಡಿಸಿ, ಅವಳ ಬೆನ್ನು ಕುರ್ಚಿಯ ಆಕಾರಕ್ಕೇ ಬಂದುಬಿಟ್ಟಿತ್ತು. "ಮಾತ್ರೆ ಬೇಕಾದ್ರೆ ಕೊಡ್ತೀನಿ, ಆದ್ರೆ ಸೈಕಲ್ ಹೊಡೆದ್ರೆ ಒಳ್ಳೇದು" ಎಂದರು ಡಾಕ್ಟರು. ಅವಳು ಹಳೆಯ ಸೈಕಲ್ಲೊಂದನ್ನು ಹೊಂದಿಸಿಕೊಂಡಳು. ಅಂಗಡಿಯಲ್ಲಿ ಬಿಸಿಲುಮರೆಗೆಂದು ತಂದು ಉಳಿದಿದ್ದ ಕಿತ್ತಳೆ ಬಣ್ಣದ ದಪ್ಪ ಬಟ್ಟೆಯಲ್ಲಿ ಒಂದು ಜಾಕೆಟ್ಟನ್ನೂ ಹೊಲಿದುಕೊಂಡಳು.

ಅವಳ ಜೊತೆ ಮನೆಯಲ್ಲಿದ್ದದ್ದು ಗಂಡ ಮತ್ತು ನಾದಿನಿ. ಗಂಡ ಲಿಫ್ಟ್ ರಿಪೇರಿಯವನು. ನಾದಿನಿ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವವಳು. ನಾಲಿಗೆಗೆ ಮೂಳೆಯೇ ಇಲ್ಲ.

"ಅತ್ತಿಗೆ, ದೂರದಿಂದ ನೋಡಿದ್ರೆ ರಸ್ತೆ ಅಗೆದಾಗ ಇಡ್ತಾರಲ್ಲ, ಆ ಬೋರ್ಡ್ ಥರ ಕಾಣ್ತೀರಿ" ಎಂದಳು ನಾದಿನಿ.

"ಕಾಣ್ಲಿ ಅಂತಾನೇ ಹೊಲಿದದ್ದು. ಯಾರೂ ಬಂದು ಗುದ್ದಬಾರದು."

ಯಾರೂ ಗುದ್ದಲಿಲ್ಲ. ಆದರೆ ಕೆಲವೇ ವಾರಗಳಲ್ಲಿ, ಬೆನ್ನ ಹಿಂದೆ ಯಾರೋ ಇದ್ದಾರೆ ಎನಿಸತೊಡಗಿತು.

ಕಪ್ಪು ಸೈಕಲ್ಲು, ಬೂದು ಟೋಪಿ, ನರೆತ ಗಡ್ಡ. ಅರವತ್ತರ ಹತ್ತಿರದ ಮನುಷ್ಯ. ಅವಳು ಸಂಜೆ ದಾರಿಗಿಳಿದ ಸ್ವಲ್ಪ ಹೊತ್ತಿಗೇ ಎಲ್ಲಿಂದಲೋ ಬಂದು ಅವಳ ಹಿಂದೆ ಸೇರಿಕೊಳ್ಳುತ್ತಿದ್ದ. ಹತ್ತಿರವೂ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಇವಳು ಜೋರಾಗಿ ತುಳಿದರೆ ಅವನೂ ಜೋರು, ನಿಧಾನ ಮಾಡಿದರೆ ಅವನೂ ನಿಧಾನ. ನೀರು ಕುಡಿಯಲು ನಿಂತರೆ ಅವನೂ ನಿಂತು, ಬಗ್ಗಿ ಚೈನು ಮುಟ್ಟಿ ನೋಡುತ್ತಿದ್ದ. ದಿನಾ ಬಿಚ್ಚಿಕೊಳ್ಳುವ ಚೈನು ಯಾವ ಸೈಕಲ್ಲಿನದು? ಒಂದು ದಿನ ಅವಳು ಪಕ್ಕಕ್ಕೆ ಸರಿದು, "ಹೋಗಿ ಮುಂದೆ" ಎಂದಳು.

"ಇಲ್ಲ ಇಲ್ಲ, ನೀವೇ ಹೋಗಿ ಮೇಡಂ" ಎಂದ ಅವನು. ಹಾಗನ್ನುವಾಗ ಅವಳ ಮುಖ ನೋಡಲಿಲ್ಲ. ಅವಳ ಭುಜದ ಪಕ್ಕದಲ್ಲಿ ಯಾರೋ ನಿಂತಿದ್ದಾರೇನೋ ಎಂಬಂತೆ ಅತ್ತ ನೋಡಿ ಹೇಳಿದ. ಎದುರಿಗೆ ನಿಂತು ಮಾತಾಡುವಾಗ ಕಣ್ಣು ತಪ್ಪಿಸುವವನು ಹಿಂದಿನಿಂದ ಏನು ನೋಡುತ್ತಾನೆ?

ಮನೆಗೆ ಬಂದು ನಾದಿನಿಗೆ ಹೇಳಿದಳು. ನಾದಿನಿ ಅಲ್ಲೇ ಅವನಿಗೆ 'ಬಾಲ' ಎಂದು ನಾಮಕರಣ ಮಾಡಿದಳು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ "ಇವತ್ತು ಬಾಲ ಬಂದಿತ್ತಾ?" ಎಂಬುದೇ ಮೊದಲ ಮಾತು. ನಗುತ್ತ ನಗುತ್ತಲೇ ಅವಳ ತಲೆಯಲ್ಲಿ ಹುಳ ದೊಡ್ಡದಾಯಿತು. ಸಮಯ ಬದಲಿಸಿದಳು; ಎರಡು ದಿನ ತಪ್ಪಿದ, ಮೂರನೆಯ ದಿನ ಹಾಜರ್. ದಾರಿಯ ಇನ್ನೊಂದು ತುದಿಯಿಂದ ಹೊರಟಳು, ಅಲ್ಲಿಗೂ ಬಂದ. ಅಂಗಡಿಯ ಚಿಕ್ಕ ಕತ್ತರಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗತೊಡಗಿದಳು.

"ನಾನೇ ಬರ್ತೀನಿ ನಾಳೆ" ಎಂದ ಗಂಡ. ಪಕ್ಕದ ಮನೆಯವರ ಸೈಕಲ್ ಇಸಿದುಕೊಂಡು, ಏದುಸಿರು ಬಿಡುತ್ತ ಅವಳ ಜೊತೆ ಆ ತುದಿಯವರೆಗೂ ಬಂದ. ಅವತ್ತು ಕಪ್ಪು ಸೈಕಲ್ಲಿನ ಸುಳಿವೇ ಇಲ್ಲ.

"ಎಲ್ಲಿ ನಿನ್ನ ಬಾಲ?"

"ಇವತ್ತು ಬಂದಿಲ್ಲ ರೀ."

"ನಾನು ಬಂದ ದಿನವೇ ಬರಲ್ಲ. ಚೆನ್ನಾಗಿದೆ" ಎಂದು ಗಂಡ ಹಣೆ ಒರೆಸಿಕೊಂಡ. ಸ್ವಲ್ಪ ದೂರ ಹೋದ ಮೇಲೆ, "ಅವನಿಗೆ ನೀನು ಬರೋ ಹೊತ್ತು ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದ.

ಸಾದಾ ಪ್ರಶ್ನೆಯೇ. ಆದರೆ ಕೇಳಿದ ರೀತಿ ಅವಳಿಗೆ ಹಿಡಿಸಲಿಲ್ಲ. ಜೋರಾಗಿ ತುಳಿದು ಮುಂದೆ ಹೋದಳು. ಆ ರಾತ್ರಿ ಇಬ್ಬರೂ ಗೋಡೆಯ ಕಡೆಗೊಬ್ಬರು, ಕಿಟಕಿಯ ಕಡೆಗೊಬ್ಬರು ಮುಖ ಮಾಡಿ ಮಲಗಿದರು.

ಮುಂದಿನ ವಾರ ಕಿತ್ತಳೆ ಜಾಕೆಟ್ಟು ಒಗೆದದ್ದು ಒಣಗಿರಲಿಲ್ಲ. ಅವಳು ಗಂಡನ ಮಾಸಲು ಸ್ವೆಟರು ಹಾಕಿಕೊಂಡು ಹೊರಟಳು. ದಾರಿಯ ಪಕ್ಕದ ಹಳೆಯ ರೈಲ್ವೆ ಕ್ಯಾಬಿನ್ನೊಂದನ್ನು ಕಾಫಿ ಅಂಗಡಿ ಮಾಡಿದ್ದರು; ಅದರ ಹತ್ತಿರ ಅವನು ಸೈಕಲ್ ಹಿಡಿದು ನಿಂತಿದ್ದ. ಅವನ ಮುಂದೆಯೇ ಹಾದುಹೋದಳು. ಅವನು ಅವಳನ್ನು ನೋಡಿದ. ನೋಡಿ, ಕಂಬವನ್ನು ನೋಡಿದಷ್ಟೇ ಸುಮ್ಮನೆ ಮುಖ ತಿರುಗಿಸಿ ದಾರಿಯ ಆಚೆ ತುದಿಗೆ ಕಣ್ಣು ನೆಟ್ಟ. ಕಾಯುತ್ತಿದ್ದ.

ಅವಳು ಸ್ವಲ್ಪ ಮುಂದೆ ಹೋಗಿ ಮರದ ಮರೆಯಲ್ಲಿ ನಿಂತಳು. ಈಗ ಹಿಂದೆ ಬಿದ್ದವಳು ತಾನು ಎಂದು ಹೊಳೆದು ನಗು ಬಂತು, ನಾಚಿಕೆಯೂ ಆಯಿತು. ಬೆನ್ನಿಗೆ ಕೆಂಪು ಚೀಲ ಕಟ್ಟಿಕೊಂಡ ಗಂಡಸೊಬ್ಬ ಸೈಕಲ್ಲಿನಲ್ಲಿ ಹಾದುಹೋದ. ತಕ್ಷಣ ಬೂದು ಟೋಪಿಯವನು ಹತ್ತಿ ಅವನ ಹಿಂದೆ ಹೊರಟ. ಅದೇ ಅಂತರ, ಅದೇ ವೇಗ. ಆದರೆ ಕೆಂಪು ಚೀಲದವನು ಬೇಗ ದೂರವಾದ. ಆಮೇಲೆ ನಡೆದದ್ದನ್ನು ಅವಳು ಕಣ್ಣಾರೆ ಕಂಡಳು. ದಾರಿ ರಸ್ತೆಯನ್ನು ದಾಟುವ ಕಡೆ ಮೋಟಾರುಗಳು ನುಗ್ಗದಂತೆ ನೆಟ್ಟಿದ್ದ ಕಬ್ಬಿಣದ ಗೂಟಗಳ ಬಳಿ ಅವನು ಇಳಿದ. ಒಂದು ಕೈ ಮುಂದೆ ಚಾಚಿ ಗೂಟವನ್ನು ಹುಡುಕಿ, ಅದರ ತಲೆಯನ್ನು ಸವರಿ, ಪಕ್ಕದ ಸಂದಿನಲ್ಲಿ ಸೈಕಲ್ ತೂರಿಸಿದ. ಕತ್ತಲೆ ಕೋಣೆಯಲ್ಲಿ ಸ್ವಿಚ್ಚು ಹುಡುಕುವವರ ಕೈ ಅದು.

ಮರುದಿನ ನಾದಿನಿಯನ್ನು ಕರೆದುಕೊಂಡು ಹೋಗಿ ಕಾಫಿ ಅಂಗಡಿಯ ಮುಂದೆಯೇ ಅವನನ್ನು ಅಡ್ಡಗಟ್ಟಿದಳು. ಕಿತ್ತಳೆ ಜಾಕೆಟ್ಟು ಹಾಕಿದ್ದಳು.

"ಏನ್ರೀ, ನಮ್ಮ ಅತ್ತಿಗೆ ಹಿಂದೆ ದಿನಾ ಯಾಕೆ ಸುತ್ತಾ ಇದ್ದೀರಿ?" ಎಂದು ನಾದಿನಿ ಸೊಂಟಕ್ಕೆ ಕೈಯಿಟ್ಟು ಶುರುಮಾಡಿದಳು. ಬೆಂಚಿನ ಮೇಲಿದ್ದ ಗೆಳತಿಯರ ಗುಂಪು ಮಾತು ನಿಲ್ಲಿಸಿತು.

ಅವನ ಕಿವಿ ಕೆಂಪಾಯಿತು. "ಮೆಲ್ಲಗೆ ಅಮ್ಮಾ... ಜನ ಇದ್ದಾರೆ."

"ನಿಮಗೆ ಕಣ್ಣು ಕಾಣಲ್ಲ, ಅಲ್ವಾ?" ಎಂದಳು ಪರದೆ ಹೊಲಿಯುವವಳು.

ಅವನು ಸೈಕಲ್ಲನ್ನು ಗೋಡೆಗೆ ಒರಗಿಸಿದ. ಆಮೇಲೆ ಅಂಗಡಿಯ ಹಿಂಬದಿಗೆ ನಡೆದ. ಇವರೂ ಹೋದರು.

"ಪೂರ್ತಿ ಕಾಣಲ್ಲ ಅಂತಲ್ಲ" ಎಂದ. "ಪಕ್ಕದ್ದೆಲ್ಲ ಕಾಣುತ್ತೆ. ನಡುವೆ ಮಾತ್ರ ಗಾಜಿನ ಮೇಲೆ ಎಣ್ಣೆ ಕೈ ಒರೆಸಿದ ಹಾಗೆ. ಮುಖಗಳು ಗೊತ್ತಾಗಲ್ಲ. ನಿಮ್ಮ ಬಟ್ಟೆ ಬಣ್ಣ ಇದೆಯಲ್ಲ, ಅದೊಂದು ಚೆನ್ನಾಗಿ ಕಾಣುತ್ತೆ. ಅದು ಬರೋವರೆಗೆ ದಿನಾ ಇಲ್ಲೇ ಕಾಯ್ತೀನಿ. ನೀವು ತಿರುಗಿದ್ರೆ ದಾರಿ ತಿರುಗಿದೆ, ನಿಂತ್ರೆ ಎದುರಿಗೆ ಏನೋ ಇದೆ. ಅಷ್ಟೇ ಮೇಡಂ. ಬೇರೆ ಏನೂ ಕೆಟ್ಟ ಬುದ್ಧಿ ಇಲ್ಲ."

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ಮಗಳ ಕಿವಿಗೆ ಬೀಳುತ್ತೆ. ಅವಳು ಸೈಕಲ್ಲಿಗೆ ಬೀಗ ಹಾಕ್ತಾಳೆ. ಯಾರಿಗೂ ಹೇಳಬೇಡಿ, ದಯವಿಟ್ಟು."

ನಾದಿನಿಯೇ ಮೊದಲು ಕರಗಿದಳು. ಮನೆಗೆ ಹೋಗುವಾಗ, "ಪಾಪ ಅತ್ತಿಗೆ, ನಾವು ಏನೇನೋ ಅಂದ್ಕೊಂಡ್ವಿ" ಎಂದಳು. ಅಂದಿನಿಂದ 'ಬಾಲ' ಎನ್ನುವುದನ್ನೂ ಬಿಟ್ಟಳು. ಪರದೆ ಹೊಲಿಯುವವಳು ಅವನಿಗೆ ದಾರಿ ತೋರಿಸುತ್ತ ಮುಂದೆ ಹೋಗತೊಡಗಿದಳು. ನಾಯಿ ಕಂಡರೆ "ಎಡಕ್ಕೆ ನಾಯಿ" ಎಂದು, ಗೆಳತಿಯರ ಗುಂಪು ಕಂಡರೆ "ಎದುರಿಗೆ ಪಾರ್ಲಿಮೆಂಟು" ಎಂದು ಕೂಗುತ್ತಿದ್ದಳು. ಅವನು ಹಿಂದಿನಿಂದ ನಗುತ್ತಿದ್ದ. ಗಂಡನಿಗೂ ವಿಷಯ ತಿಳಿದು, ಅವನ ಮುಖದ ಗಂಟು ಬಿಚ್ಚಿತು. ಒಂದು ಸಂಜೆ ಅವಳು ಕೇಳಿದಳು: "ಮೊದಲು ಏನು ಕೆಲಸ ಮಾಡ್ತಿದ್ರಿ?"

"ಏನೋ ಮಾಡ್ತಿದ್ದೆ, ಬಿಡಿ" ಎಂದ ಅವನು.

ಬಿಡಿ ಎಂದದ್ದನ್ನು ಅವಳು ಬಿಟ್ಟಳು.

ಒಂದು ಬೆಳಿಗ್ಗೆ ಯಾರದೋ ಹೊಸ ಮನೆಗೆ ಪರದೆಯ ಅಳತೆ ತೆಗೆಯಬೇಕಿತ್ತು. ಅಂಗಡಿಯ ಗಾಡಿಯಲ್ಲಿ ಹೊರಟಿದ್ದಳು. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಪಕ್ಕಕ್ಕೆ ಶಾಲೆಯ ಹೆಸರು ಬರೆದ ಹಳದಿ ವ್ಯಾನೊಂದು ಬಂದು ನಿಂತಿತು. ಕಿಟಕಿಯ ತುಂಬ ಪುಟ್ಟ ಪುಟ್ಟ ತಲೆಗಳು. ಮುಂದಿನ ಸೀಟಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕುತ್ತಿಗೆ ಉದ್ದ ಮಾಡಿಕೊಂಡು ಕೂತಿದ್ದಳು.

"ಇನ್ನೂ ಕೆಂಪು ಅಂಕಲ್... ಇನ್ನೂ ಕೆಂಪು..."

"ಸರಿಯಾಗಿ ನೋಡು ಪುಟ್ಟಿ. ತಪ್ಪು ಹೇಳಿದ್ರೆ ನೀನು ಔಟ್."

"ಹಸಿರು!" ಎಂದು ಕೂಗಿದಳು ಹುಡುಗಿ. ಹಿಂದಿದ್ದ ಮಕ್ಕಳೆಲ್ಲ ಒಂದೇ ದನಿಯಲ್ಲಿ "ಹಸಿರೋ!" ಎಂದರು. ವ್ಯಾನು ಹೊರಟಿತು. ಸ್ಟಿಯರಿಂಗಿನ ಹಿಂದೆ ಬೂದು ಟೋಪಿ, ನರೆತ ಗಡ್ಡ.

ಆ ಹೊಸ ಮನೆಯಲ್ಲಿ ಅವಳು ಒಂದೇ ಕಿಟಕಿಯನ್ನು ಮತ್ತೆ ಮತ್ತೆ ಅಳೆದಳು.

ಸಂಜೆ ದಾರಿಯಲ್ಲಿ ಸೈಕಲ್ ನಿಲ್ಲಿಸಿ ನೇರವಾಗಿ ಕೇಳಿದಳು: "ನೀವು ಶಾಲೆ ವ್ಯಾನ್ ಓಡಿಸ್ತೀರಾ?"

ಅವನ ಮುಖ ಗಟ್ಟಿಯಾಯಿತು. "ನನ್ನ ಹಿಂದೆ ಬಿದ್ದು ನೋಡಿದ್ರಾ?"

"ಕಣ್ಣಿಗೆ ಬಿತ್ತು."

"ಆ ರಸ್ತೆ ನನಗೆ ಅಂಗೈ ಇದ್ದ ಹಾಗೆ ಮೇಡಂ. ಯಾವ ಗುಂಡಿ ಎಲ್ಲಿದೆ ಅಂತ ನಿದ್ದೆಯಲ್ಲೂ ಹೇಳ್ತೀನಿ. ಇವತ್ತಿನವರೆಗೂ ಒಂದು ಗೀರು ಬಿದ್ದಿಲ್ಲ ಗಾಡಿಗೆ."

"ಗುಂಡಿ ಇದ್ದಲ್ಲೇ ಇರುತ್ತೆ. ಓಡಿ ಬರೋ ಮಗು?"

ಅವನು ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಆ ಹುಡುಗಿ ಕೈಲಿ ಸಿಗ್ನಲ್ ಹೇಳಿಸ್ತೀರಲ್ಲ! ಅದು ಆಟ ಅಂದ್ಕೊಂಡಿದೆ."

"ರಜೆ ಶುರುವಾಗ್ಲಿ, ಬಿಟ್ಟುಬಿಡ್ತೀನಿ. ಅಲ್ಲಿವರೆಗೆ ಬಾಯಿ ಮುಚ್ಚಿಕೊಂಡಿರಿ ಅಂತ ಕೈಮುಗೀತೀನಿ."

"ಆಗಲ್ಲ. ನಾಳೆ ನೀವೇ ಶಾಲೆಯವರಿಗೆ ಹೇಳಿ. ಇಲ್ಲಾಂದ್ರೆ ನಾನು ಹೇಳ್ತೀನಿ."

"ಹೇಳ್ತೀನಿ" ಎಂದ ಅವನು, ಅವಳ ಭುಜದ ಪಕ್ಕಕ್ಕೆ ನೋಡುತ್ತ. ಕಣ್ಣಿನ ದೋಷದಿಂದ ಅತ್ತ ನೋಡಿದನೋ, ಸುಳ್ಳು ಹೇಳುವವರು ನೋಡುವಂತೆ ನೋಡಿದನೋ, ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ನಾದಿನಿ, "ನಮಗ್ಯಾಕೆ ಅತ್ತಿಗೆ ಊರ ಉಸಾಬರಿ? ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಗಲ್ವಾ?" ಎಂದಳು. ಗಂಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ: "ಹಗ್ಗದ ಒಂದು ಎಳೆ ಬಿಟ್ಟಿದೆ ಅಂತ ಅನುಮಾನ ಬಂದ್ರೂ ನಾನು ಲಿಫ್ಟ್ ನಿಲ್ಲಿಸ್ತೀನಿ. ಹತ್ತನೇ ಮಹಡಿಯವರು ಎಷ್ಟು ಬೈದರೂ ಸರಿ. ನಾಳೆ ನಾನೂ ಬರ್ತೀನಿ ನಿನ್ನ ಜೊತೆ."

ಬೆಳಿಗ್ಗೆ ಇಬ್ಬರೂ ಶಾಲೆಯ ಬೀದಿಯ ಮೂಲೆಯಲ್ಲಿ ನಿಂತರು. ಬೇರೆ ಡ್ರೈವರು ಬರಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಹಳದಿ ವ್ಯಾನು ಬಂತು. ಅದೇ ಟೋಪಿ. ಮುಂದಿನ ಸೀಟಿನಲ್ಲಿ ಅದೇ ಎರಡು ಜಡೆ.

ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿದರು. ಅವಳು ಸೈಕಲ್ ದಾರಿಯಿಂದ ಹಿಡಿದು ಸಿಗ್ನಲ್ಲಿನವರೆಗೆ ಹೇಳಿದಳು. ಹೇಳುತ್ತ ಹೇಳುತ್ತ, ತನ್ನ ಮಾತು ತನಗೇ ಚಾಡಿಯಂತೆ ಕೇಳಿಸಿತು.

"ಅವರು ಇಲ್ಲಿ ಎಷ್ಟೋ ವರ್ಷದಿಂದ ಇದ್ದಾರೆ. ಒಂದು ದೂರು ಬಂದಿಲ್ಲ" ಎಂದರು ಮುಖ್ಯೋಪಾಧ್ಯಾಯಿನಿ. "ನಿಮ್ಮ ಮಕ್ಕಳು ಈ ಶಾಲೇಲಿ ಓದ್ತಿದ್ದಾರಾ?"

"ಇಲ್ಲ."

"ಹಾಗಾದ್ರೆ ನಿಮಗೂ ಅವರಿಗೂ ಏನಾದ್ರೂ ಜಗಳ ಆಗಿತ್ತಾ? ನಿಮ್ಮನ್ನ ಹಿಂಬಾಲಿಸ್ತಿದ್ರು ಅಂತ ನೀವೇ ಹೇಳಿದ್ರಿ."

ಅಷ್ಟರಲ್ಲಿ ಬಾಗಿಲಲ್ಲಿ ಅವನೇ ನಿಂತಿದ್ದ. ಮಕ್ಕಳನ್ನು ಇಳಿಸಿ ಬಂದಿದ್ದ, ಕೈಯಲ್ಲಿ ವ್ಯಾನಿನ ಕೀಲಿ. ಕಿತ್ತಳೆ ಜಾಕೆಟ್ಟು ಇಲ್ಲದ್ದರಿಂದ ಅವಳು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. "ಮೇಡಂ, ಒಂದು ಮಾತಿತ್ತು" ಎಂದ.

"ಬನ್ನಿ, ಬನ್ನಿ. ನಿಮಗೆ ಕಣ್ಣು ಸರಿಯಾಗಿ ಕಾಣಲ್ಲ ಅಂತ ಇವರು ಹೇಳ್ತಿದ್ದಾರೆ. ಹೌದಾ?"

ಅವನು ತಡೆದು ನಿಂತ. ಅವಳು ಇರುವ ಕಡೆಗೆ ಮುಖ ತಿರುಗಿಸಿದ. "ಯಾರು ಇವರು?"

"ಅದಿರಲಿ. ಆ ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು, ಹೇಳಿ ನೋಡೋಣ" ಎಂದು ಮುಖ್ಯೋಪಾಧ್ಯಾಯಿನಿ ಬೆರಳು ತೋರಿದರು.

ಅವನು ಗೋಡೆಯ ಕಡೆ ತಲೆ ಎತ್ತಿದ. "ಎಂಟೂ ಮುಕ್ಕಾಲು" ಎಂದ.

ಮುಖ್ಯೋಪಾಧ್ಯಾಯಿನಿ ತಮ್ಮ ಕೈಗಡಿಯಾರ ನೋಡಿಕೊಂಡರು. ಎಂಟೂ ಮುಕ್ಕಾಲೇ ಆಗಿತ್ತು. "ನೋಡಿದ್ರಾ? ಸರಿಯಾಗೇ ಹೇಳಿದ್ರಲ್ಲ!" ಎಂದು ಅವಳ ಕಡೆ ತಿರುಗಿದರು. ಆ ತಿರುವಿನಲ್ಲಿ 'ಇನ್ನು ನೀವು ಹೊರಡಬಹುದು' ಎಂಬುದೂ ಇತ್ತು.

"ಮೇಡಂ" ಎಂದ ಅವಳ ಗಂಡ ಮೆಲ್ಲಗೆ. "ಆ ಗಡಿಯಾರ ನಿಂತಿದೆ."

ಎಲ್ಲರೂ ಗೋಡೆ ನೋಡಿದರು. ಮುಳ್ಳುಗಳು ಮೂರೂ ಹತ್ತಕ್ಕೆ ನಿಂತಿದ್ದವು. ಯಾವಾಗಿನಿಂದಲೋ ಏನೋ, ದಿನಾ ಅದರ ಕೆಳಗೆ ಕೂರುವವರೇ ಗಮನಿಸಿರಲಿಲ್ಲ. ಮಕ್ಕಳನ್ನು ಬಿಟ್ಟು ಬರುವ ಹೊತ್ತು ಇಂಥದ್ದು ಎಂದು ಅವನಿಗೆ ಗೊತ್ತಿತ್ತು, ಅದನ್ನೇ ಹೇಳಿದ್ದ.

ಅವನು ಮೇಜಿನ ಅಂಚನ್ನು ಕೈಯಿಂದ ಮುಟ್ಟಿ ನೋಡಿ, ವ್ಯಾನಿನ ಕೀಲಿಯನ್ನು ಅದರ ಮೇಲಿಟ್ಟ. ತಿರುಗಿ ಹೊರಗೆ ಹೋದ. ಮೆಟ್ಟಿಲು ಇಳಿಯುವಾಗ ಅವನ ಕಾಲು ಒಂದಿಷ್ಟೂ ತಪ್ಪಲಿಲ್ಲ.

ಸುದ್ದಿ ದಾರಿಯ ತುಂಬ ಹರಡಿತು, ಬೇರೆ ಬೇರೆ ವೇಷದಲ್ಲಿ. ಹಿಂದೆ ಬಿದ್ದದ್ದಕ್ಕೆ ಸೇಡು ತೀರಿಸಿಕೊಂಡಳಂತೆ ಎಂದರು ಕೆಲವರು. ಮೊದಲು ಸ್ನೇಹ ಇತ್ತಂತೆ, ಆಮೇಲೆ ಕೆಟ್ಟಿತಂತೆ ಎಂದರು ಇನ್ನು ಕೆಲವರು. ಗೆಳತಿಯರ ಗುಂಪು ಈಗ ಅವಳು ಬಂದರೆ ಗೆರೆಯ ಈಚೆಗೆ ಶಿಸ್ತಾಗಿ ಸರಿದು ದಾರಿ ಬಿಡುತ್ತಿತ್ತು. ಹಾದುಹೋಗುವವರೆಗೂ ಯಾರೂ ಮಾತಾಡುತ್ತಿರಲಿಲ್ಲ. ಬೈಸಿಕೊಂಡಿದ್ದ ದಿನಗಳೇ ವಾಸಿ ಎನಿಸಿತು ಅವಳಿಗೆ.

ಎರಡು ಜಡೆಯ ಹುಡುಗಿಯ ತಾಯಿ ವಿಳಾಸ ಹುಡುಕಿಕೊಂಡು ಅಂಗಡಿಗೆ ಬಂದಳು. ಅವಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಕಣ್ಣೊರೆಸಿಕೊಂಡ ಮೇಲೆ ಕೇಳಿದಳು: "ಅವರಿಗೆ ಕಣ್ಣು ಕಾಣಲ್ಲ ಅಂತ ನಿಮಗೆ ಎಷ್ಟು ದಿನದಿಂದ ಗೊತ್ತಿತ್ತು?"

"ಕಣ್ಣಿನ ವಿಷಯ ಗೊತ್ತಿತ್ತು. ವ್ಯಾನಿನ ವಿಷಯ ಗೊತ್ತಿರಲಿಲ್ಲ."

"ಓ" ಎಂದಳು ಆ ತಾಯಿ. ಹಿಡಿದ ಕೈ ಬಿಟ್ಟಳು.

ಹಲವು ವಾರಗಳ ಮೇಲೆ ಒಂದು ಸಂಜೆ, ನಡೆಯುವವರ ಕಡೆಯಲ್ಲಿ ಅವನು ಕಂಡ. ಮಗಳ ತೋಳು ಹಿಡಿದಿದ್ದ. ಮಗಳು ಅವನನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ತರಲು ಹೋದಳು. ಪರದೆ ಹೊಲಿಯುವವಳು ಸುಮ್ಮನೆ ಹಾದುಹೋಗಬಹುದಿತ್ತು. ಹೋಗಲಾಗಲಿಲ್ಲ. ಸೈಕಲ್ ನಿಲ್ಲಿಸಿ ಹತ್ತಿರ ಬಂದು, "ನಾನು" ಎಂದಳು.

"ಗೊತ್ತಾಯ್ತು" ಎಂದ. "ಕೂತ್ಕೊಳ್ಳಿ."

ಅವಳು ಕೂತಳು.

"ನೀವು ಮಾಡಿದ್ದು ತಪ್ಪು ಅನ್ನಲ್ಲ" ಎಂದ ಅವನು. "ಆದ್ರೆ ಅವತ್ತು ನಾನು ಹೇಳೋಕೇ ಬಂದಿದ್ದೆ. ಮಕ್ಕಳನ್ನ ಬೀದೀಲಿ ನಿಲ್ಲಿಸಿ ಹೇಳೋಕಾಗುತ್ತಾ? ಶಾಲೆಗೆ ಬಿಟ್ಟು, ಆಮೇಲೆ ಹೇಳೋಣ ಅಂತ ಬಂದೆ. ಅಷ್ಟರಲ್ಲಿ ನೀವು ಒಳಗೆ ಕೂತಿದ್ರಿ."

ಅವನು ಬಾಗಿಲಲ್ಲಿ ನಿಂತು "ಒಂದು ಮಾತಿತ್ತು" ಎಂದದ್ದು ಅವಳಿಗೆ ನೆನಪಿತ್ತು. ಆ ಮಾತು ಯಾವುದೆಂದು ಎಷ್ಟೋ ಸಂಜೆ ಯೋಚಿಸಿದ್ದಳು. ಡೀಸೆಲ್ಲಿನ ವಿಷಯವೂ ಇರಬಹುದಿತ್ತು, ರಜೆಯ ವಿಷಯವೂ ಇರಬಹುದಿತ್ತು.

"ಹೇಳೋಕೆ ಬಂದಿದ್ರೆ, ಗಡಿಯಾರ ನೋಡಿದ ಹಾಗೆ ಯಾಕೆ ಮಾಡಿದ್ರಿ?"

ಅವನು ಗಡ್ಡ ಕೆರೆದುಕೊಂಡ. "ನಾನಾಗಿ ಹೇಳೋದು ಬೇರೆ, ಸಿಕ್ಕಿಬೀಳೋದು ಬೇರೆ ಮೇಡಂ."

"ನಿಜವಾಗ್ಲೂ ಹೇಳ್ತಿದ್ರಾ?"

"ಹೇಳ್ತಿದ್ದೆ ಅಂತ ಮಗಳಿಗೆ ಹೇಳಿದ್ದೀನಿ" ಎಂದ ಅವನು.

ಅವಳು ಅವನ ಮುಖವನ್ನು ಹತ್ತಿರದಿಂದ ನೋಡಿದಳು. ಅವನು ಎಂದಿನಂತೆ ಅವಳ ಭುಜದ ಪಕ್ಕಕ್ಕೆ ನೋಡುತ್ತಿದ್ದ. ಅಲ್ಲಿಂದ ಏನನ್ನೂ ಓದುವಂತಿರಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಲು ಅವಳಿಗೆ ಮನಸ್ಸಾಗಲಿಲ್ಲ.

ಮಗಳು ಎರಡು ಲೋಟ ಕಾಫಿ ಹಿಡಿದು ಬಂದಳು. ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲಿ ಯಾರೆಂದು ಗುರುತು ಹಿಡಿದ ಕೂಡಲೇ ಅವಳ ಹೆಜ್ಜೆ ನಿಧಾನವಾಯಿತು.

"ಏನು ಮಾತಾಡ್ತಿದ್ರಿ ಅಪ್ಪಾ?"

"ಏನಿಲ್ಲಮ್ಮ. ಈ ದಾರಿ ಬಗ್ಗೆ. ಇಬ್ಬರಿಗೂ ಸಾಲಲ್ಲ, ಇನ್ನೊಂದಿಷ್ಟು ಅಗಲ ಮಾಡಬೇಕಿತ್ತು ಅಂತ."

ಮಗಳು ಒಂದು ಲೋಟವನ್ನು ಅಪ್ಪನ ಕೈಗೆ ಸರಿಯಾಗಿ ಹಿಡಿಸಿದಳು. ಆಮೇಲೆ ಪರದೆ ಹೊಲಿಯುವವಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು. ಅಪ್ಪನ ಮಾತನ್ನು ಅವಳು ನಂಬಿದಂತೆ ಕಾಣಲಿಲ್ಲ.